ಉಗುಳು

ಛತ್ರದ ಬಾವಿಯ ಹಗ್ಗ ಮುಟ್ಟುವುದಕ್ಕೆ ಕದಿರಪ್ಪನಿಗೆ ಅಪ್ಪಣೆ ಸಿಕ್ಕ ದಿನ ಅವನ ತೋಳಿಗೆ ಒಂದು ಕೆಂಪು ಬಟ್ಟೆಯ ಪಟ್ಟಿ ಕಟ್ಟಿದರು. ಕಟ್ಟಿದರು ಅನ್ನುವುದು ದೊಡ್ಡ ಮಾತಾಯಿತು. ಛತ್ರದ ಪಾರುಪತ್ತೇದಾರ ಕೋದಂಡಪ್ಪ ಜಗುಲಿಯ ಮೇಲಿಂದ ಅದನ್ನು ಎಸೆದ. ಕದಿರಪ್ಪ ಮಣ್ಣಿನಿಂದ ಆರಿಸಿಕೊಂಡ. ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ತಾನೇ ಕಟ್ಟಿಕೊಂಡ.

“ಇದು ಕಟ್ಕಂಡಿದ್ರೆ ಮಾತ್ರ ಬಾವಿ ತಾವ ಬರ್ಬೇಕು. ಸೋಲ್ಜರ್‌ಗಳಿಗೆ ಎಷ್ಟು ಬೇಕೋ ಅಷ್ಟು ಸೇದಾಕು. ನಿನ್ ಬಾಯಿಗೆ ಒಂದ್ ತೊಟ್ಟು ಓತು ಅಂದ್ರೆ ಚರ್ಮ ಸುಲಿಸ್ತೀನಿ,” ಅಂದ ಕೋದಂಡಪ್ಪ. ಬಾಯಿ ತುಂಬ ಎಲೆಅಡಿಕೆ ಇತ್ತು. ಮಾತು ಮುಗಿಸಿ ಕೆಳಗೆ ಉಗಿದ. ಅದು ಬಂದು ಕದಿರಪ್ಪನ ಪಾದದ ಮೇಲೆ ಬಿತ್ತು.

“ಆಯ್ತು ಬುದ್ದಿ,” ಅಂದ ಕದಿರಪ್ಪ. ಕಾಲನ್ನು ಹುಲ್ಲಿಗೆ ಒರೆಸಿಕೊಂಡು ಹಗ್ಗ ಹಿಡಿಯಲು ಹೋದ.

ಬಂಗಾರಪೇಟೆಯ ರೈಲುದಾರಿಗೆ ಹೊಂದಿಕೊಂಡು ಒಂದು ಮಾವಿನ ತೋಪು. ತೋಪಿನ ಅಂಚಿಗೆ ಯಾರೋ ಶೆಟ್ಟರು ಪುಣ್ಯಕ್ಕೆಂದು ಕಟ್ಟಿಸಿದ ಛತ್ರ. ಬಾವಿಕಟ್ಟೆಯ ಕಲ್ಲಿನ ಮೇಲೆ ‘ಬಾಯಾರಿದ ಸರ್ವರಿಗೂ’ ಎಂದು ಕೆತ್ತಿಸಿದ್ದರು. ಆ ಸರ್ವರಲ್ಲಿ ಕೇರಿಯವರು ಸೇರಿರಲಿಲ್ಲ. ಕೇರಿಯ ಹೆಂಗಸರು ಖಾಲಿ ಮಡಕೆ ಇಟ್ಟುಕೊಂಡು ದೂರದ ಹೊಂಗೆ ಮರದ ಕೆಳಗೆ ಕೂರಬೇಕು. ಪುಣ್ಯಾತ್ಮರು ಯಾರಾದರೂ ಮನಸ್ಸು ಮಾಡಿ ಮೇಲಿಂದ ಹೊಯ್ದರೆ ಉಂಟು, ಇಲ್ಲದಿದ್ದರೆ ಕೆರೆಯ ಕೆಸರು ನೀರು. ಕದಿರಪ್ಪನ ಹೆಂಡತಿ ಮಂಗಮ್ಮ ಹುಟ್ಟಿದಾಗಿನಿಂದ ಆ ಮರದ ಕೆಳಗೆ ಕೂತವಳು. ಅವಳ ಅವ್ವನೂ ಅಲ್ಲೇ ಕೂತವಳು.

ಬರ್ಮಾದ ಯುದ್ಧ ಮುಗಿದಿತ್ತು. ಊರಿಗೆ ಮರಳುವ ಆಫ್ರಿಕಾದ ಸಿಪಾಯಿಗಳನ್ನು ತುಂಬಿಕೊಂಡು ಬಂದ ರೈಲು ಮುಂದೆ ಹೋಗಲಾರದೆ ಬಂಗಾರಪೇಟೆಯಲ್ಲಿ ನಿಂತುಬಿಟ್ಟಿತು. ಟೇಕಲ್ ಆಚೆ ಮಳೆಗೆ ಹಳಿ ಕೊಚ್ಚಿಹೋಗಿತ್ತು. ಸಿಪಾಯಿಗಳು ಇಳಿದು ತೋಪಿನಲ್ಲಿ ಡೇರೆ ಹೊಡೆದರು. ಅವರಿಗೆ ನೀರು ಹೊರುವುದಕ್ಕೆ ಊರಿನ ಒಬ್ಬನೂ ಮುಂದೆ ಬರಲಿಲ್ಲ. ದನ ತಿನ್ನುವವರು, ಯಾವ ಜಾತಿಯೋ, ಏನು ಕಥೆಯೋ. ಅವರ ದಂಡಿನ ಬಿಳಿ ದೊರೆ ಕೋದಂಡಪ್ಪನನ್ನು ಕರೆಸಿ ಗದರಿಸಿದ. ಆಗ ಕೋದಂಡಪ್ಪನಿಗೆ ಕೇರಿಯ ನೆನಪಾಯಿತು. ಮುಟ್ಟಬಾರದವರಿಗೆ ಮುಟ್ಟಬಾರದವನೇ ನೀರು ಕೊಡಲಿ, ಆಮೇಲೆ ಐನೋರನ್ನು ಕರೆಸಿ ಬಾವಿಯನ್ನು ಶುದ್ಧ ಮಾಡಿಸಿದರಾಯಿತು. ಬುದ್ಧಿವಂತ.

ಕದಿರಪ್ಪ ಹಿಂದೆ ಚಿನ್ನದ ಗಣಿಯಲ್ಲಿ ಟ್ರಾಲಿ ತಳ್ಳಿದವನು. ಊರಿಗಾಂನ ಕೂಲಿ ಲೈನಿನ ತಟ್ಟಿ ಗುಡಿಸಲಲ್ಲಿ ಬದುಕಿದವನು. ಭೂಮಿಯ ಹೊಟ್ಟೆಯಿಂದ ಮೇಲೆ ಬಂದ ಕೂಡಲೆ ಕಾವಲಿನವನ ಮುಂದೆ ಬಟ್ಟೆ ಬಿಚ್ಚಿ ನಿಲ್ಲಬೇಕು. ಬಾಯಿ ತೆರೆ ಅಂದರೆ ತೆರೆಯಬೇಕು. ನಾಲಗೆ ಎತ್ತು ಅಂದರೆ ಎತ್ತಬೇಕು. ಕಾವಲಿನವನ ಬೆರಳು ದವಡೆಯ ಸಂದಿಗೆಲ್ಲ ಹೋಗಿ ಚಿನ್ನ ಹುಡುಕುತ್ತಿತ್ತು. ಆ ಬೆರಳಿನ ರುಚಿ ಇಟ್ಟುಕೊಂಡೇ ಅವನು ಮನೆಗೆ ಹೋಗಿ ಉಣ್ಣುತ್ತಿದ್ದ. ಕಲ್ಲಿನ ಧೂಳು ಎದೆಗೆ ಇಳಿದು ಕೆಮ್ಮು ಹಿಡಿದ ಮೇಲೆ ಅಲ್ಲಿಂದ ಹೊರಗೆ ಹಾಕಿದರು. ಹೆಂಡತಿಯ ಕೇರಿಗೆ ಬಂದು ಸಿಕ್ಕ ಕೂಲಿ ಮಾಡಿಕೊಂಡಿದ್ದ.

ಇಂಥವನಿಗೆ ಕೆಂಪು ಪಟ್ಟಿ ಸಿಕ್ಕಿತು. ಅದೇನು ಮಾಯವೋ, ತೋಳಿಗೆ ಕಟ್ಟಿಕೊಂಡ ಅರ್ಧ ದಿನಕ್ಕೇ ಕದಿರಪ್ಪನ ನಡಿಗೆ ಬದಲಾಯಿತು. ಬಾವಿಕಟ್ಟೆಯ ಮೇಲೆ ಎಲ್ಲರಿಗೂ ಕಾಣುವಂತೆ ನಿಂತು ಸೇದಿದ. ಅಂಗೈಯ ಚರ್ಮ ಕಿತ್ತು ಬಂದರೂ ಸುಖವೆನಿಸಿತು. ಹೊಂಗೆ ಮರದ ಕೆಳಗಿದ್ದ ಹೆಂಗಸರು ಕಣ್ಣು ಬಿಟ್ಟು ನೋಡಿದರು. ಮಂಗಮ್ಮ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು, ಮಡಕೆ ಹಿಡಿದು, ನಗುತ್ತ ಹತ್ತಿರ ಬಂದಳು.

“ಒಂದ್ ಮಡ್ಕೆ ಉಯ್ಯಿ. ಯಾರೂ ನೋಡ್ತಿಲ್ಲ.”

“ಓಗು, ಓಗು. ಅಲ್ಲೇ ನಿಂತ್ಕ.”

“ಬಗ್ಗಡ ನೀರು ಕುಡ್ದು ಮಗೀಗೆ ವಾಂತಿ ಕಣೋ.”

“ಯೋಳಿದ್ದು ಕೇಳಿಸ್ಲಿಲ್ವಾ? ಇದು ಸೋಲ್ಜರ್‌ಗಳ ನೀರು. ಪಟ್ಟಿ ಇರೋನು ನಾನು, ನೀನಲ್ಲ.”

ಮಂಗಮ್ಮನ ನಗು ಹೋಯಿತು. ಅವಳು ಗಂಡನ ಮುಖ ನೋಡಿದಳು, ತೋಳಿನ ಪಟ್ಟಿ ನೋಡಿದಳು. ಮರದ ಕೆಳಗೆ ಹೋಗಿ ಕೂತಳು. ಜಗುಲಿಯ ಮೇಲಿಂದ ಕೋದಂಡಪ್ಪ “ಭೇಷ್ ಕಣ್ಲಾ” ಅಂದ. ಕದಿರಪ್ಪ ಹಲ್ಲು ಕಿರಿದ. ಕೋದಂಡಪ್ಪನಿಗೆ ಇನ್ನು ಬಾವಿ ಕಾಯುವ ಕೆಲಸವಿರಲಿಲ್ಲ. ಕೇರಿಯವನೇ ಕೇರಿಯವರಿಂದ ಬಾವಿ ಕಾಯುತ್ತಿದ್ದ.

ಕೇರಿಯಲ್ಲಿ ಇನ್ನೊಬ್ಬನಿಗೂ ಆ ಸಿಪಾಯಿಗಳಿಂದ ಹುರುಪು ಬಂದಿತ್ತು. ಅವನು ಮಂಗಮ್ಮನ ತಾತ ಚಿಕ್ಕಮುನಿಯಪ್ಪ. ಪ್ರಾಯದಲ್ಲಿ ಹಡಗು ಹತ್ತಿ ಆಫ್ರಿಕಾದ ಮೊಂಬಾಸಕ್ಕೆ ಹೋಗಿ, ದೊರೆಗಳು ಹಾಕಿಸಿದ ರೈಲುದಾರಿಗೆ ಕಲ್ಲು ಹೊತ್ತು ಬಂದವನು. ಊರಿನವರು ಅವನ ಕಥೆಗಳನ್ನು ನಂಬುತ್ತಿರಲಿಲ್ಲ. ಈಗ ತೋಪಿಗೆ ಹೋಗಿ ಅಲ್ಲಿಯ ಭಾಷೆಯಲ್ಲಿ ಎರಡು ಮಾತಾಡಿದ್ದೇ ತಡ, ಸಿಪಾಯಿಗಳು ಮುದುಕನನ್ನು ಸುತ್ತುಗಟ್ಟಿದರು. ಅವರಲ್ಲೊಬ್ಬ, ಉದ್ದಕ್ಕೆ, ತೆಳ್ಳಗೆ, ಕಿವಿಯ ಹಾಲೆಯನ್ನು ಸೀಳಿ ಜೋಲಾಡುವಂತೆ ಮಾಡಿಕೊಂಡು ಅದನ್ನು ಕಿವಿಯ ಮೇಲಕ್ಕೆ ಮಡಚಿ ಸಿಕ್ಕಿಸಿಕೊಂಡಿದ್ದವನು, ತಾತನ ಕೈ ಬಿಡಲೇ ಇಲ್ಲ. ಅವನ ಹೆಸರು ಕಿಪ್ರುಟೊ.

“ಇವ್ರು ನಂದಿ ಜನ ಕಣ್ಲಾ ಕದಿರಾ,” ಅಂದ ತಾತ.

“ನಂದಿನಾ? ನಮ್ ನಂದಿದುರ್ಗದ ನಂದಿನಾ?”

“ಒರೇ, ನಮ್ದಲ್ಲ. ಅದು ಅವ್ರ ಕುಲದ ಎಸ್ರು. ಸುತ್ತಾ ಗುಡ್ಡಗಳಾಗೆ ಅವ್ರ ಅಣ್ತಮ್ಮಂದಿರ ಕುಲ ಬ್ಯಾರೆ ಬ್ಯಾರೆ ಅವೆ. ಎಲ್ಲಾರ್ದೂ ಎಚ್ಚುಕಮ್ಮಿ ಒಂದೇ ಮಾತು. ದಂಡಿಗೆ ಸೇರಿದ್ ಮ್ಯಾಲೆ ಎಲ್ರೂ ಒಂದೇ ಅಂತ ಗೊತ್ತಾಯ್ತಂತೆ. ಇವ್ನು ಬಾಯಿ ಬಿಟ್ರೆ ಸಾಕು, ಕಲೆಂಜಿನ್ ಅಂತಾನೆ. ನಾನು ಯೋಳ್ತೀನಿ ಕೇಳು ಅಂತ. ಅದೇ ಮಾತೇ ಈಗ ಎಲ್ಲಾ ಕುಲಕ್ಕೂ ಸೇರಿ ಒಂದು ಎಸ್ರಾಗೈತೆ.”

ಕದಿರಪ್ಪ ನೀರು ತುಂಬುತ್ತ ತುಂಬುತ್ತ ಕೇಳಿಸಿಕೊಳ್ಳುತ್ತಿದ್ದ. ಅವರಲ್ಲಿ ಒಟ್ಟಿಗೆ ದೀಕ್ಷೆ ಪಡೆದು ಗಂಡಸರಾದ ಹುಡುಗರಿಗೆಲ್ಲ ಸೇರಿ ಒಂದು ದಂಡಿನ ಹೆಸರು. ಒಬ್ಬನ ಮಾನ ಹೋದರೆ ಆ ದಂಡಿನವರೆಲ್ಲರ ಮಾನ ಹೋದಂತೆ. ಆ ಹೆಸರುಗಳೂ ಕಾಲ ಕಳೆದ ಹಾಗೆ ಸುತ್ತಿ ಬಂದು ಮರಿಮಕ್ಕಳಿಗೆ ಸಿಗುತ್ತವೆ. ಸೋರೆಬುರುಡೆಯ ಒಳಗೆ ಇದ್ದಿಲಪುಡಿ ಸವರಿ ಹಾಲು ತುಂಬಿಡುತ್ತಾರೆ, ಅದು ಎಷ್ಟು ದಿನವಾದರೂ ಕೆಡುವುದಿಲ್ಲ. ಮಗು ಯಾವ ಹೊತ್ತಿನಲ್ಲಿ ಹುಟ್ಟಿತೋ ಅದೇ ಮಗುವಿನ ಹೆಸರು. ಕಿಪ್ರುಟೊ ಅಂದರೆ ಪಯಣದಲ್ಲಿ ಹುಟ್ಟಿದವನು.

ತಾತ ಒಂದು ಕಥೆಯನ್ನು ಮಾತ್ರ ದನಿ ಇಳಿಸಿ ಹೇಳಿದ. “ನಾವ್ ಆಕಿದ್ ರೈಲಿನ ಅಳಿ ಇವ್ರ ನೆಲದ ಮ್ಯಾಲೆ ಓತು. ಇವ್ರು ಬಾಣ ಬಿಟ್ರು. ತಂತಿ ಕಿತ್ಕಂಡೋಗಿ ಎಂಗಸ್ರಿಗೆ ಬಳೆ ಮಾಡುಸ್ಕೊಟ್ರು. ವರ್ಸಗಟ್ಲೆ ತಲೆ ಬಗ್ಗಿಸ್ಲಿಲ್ಲ. ಕೊನೀಗೆ ಇವ್ರ ದೊಡ್ಡೋನ್ನ ರಾಜಿಗೆ ಅಂತ ಕರೆದು, ಕೈ ಕೊಡೋವಾಗ ಗುಂಡಾಕಿ ಕೊಂದ್ರಂತೆ. ಆಮೇಲೆ ದನ ಎಲ್ಲಾ ಒಡ್ಕಂಡೋದ್ರು. ಆ ದಂಡು ಓಗಿದ್ದು ನಾನ್ ಕಲ್ಲೊತ್ತ ದಾರಿ ಮ್ಯಾಲೇನೆ. ಇವ್ನಿಗೆ ಇದುನ್ನ ಯೋಳೋಕೆ ನಂಗೆ ಬಾಯಿ ಬರ್ನಿಲ್ಲ.”

ಕದಿರಪ್ಪನಿಗೆ ಅದೆಲ್ಲ ಒಂದು ಕಿವಿಯಲ್ಲಿ ಹೋಗಿ ಇನ್ನೊಂದರಲ್ಲಿ ಬಂತು. ಅವನ ಕಣ್ಣು ಜಗುಲಿಯ ಕಡೆಗಿತ್ತು. ಅಲ್ಲಿ ಊರಿನ ದೊಡ್ಡವರು ಕೂತು ಕರಿ ಸೋಲ್ಜರುಗಳನ್ನು ನೋಡಿ ನಗುತ್ತಿದ್ದರು. ಅವರು ನಕ್ಕಾಗ ಕದಿರಪ್ಪನೂ ನಕ್ಕ. ತನಗಿಂತ ಕೆಳಗೆ ಯಾರೋ ಇದ್ದಾರೆ ಎಂಬುದು ಅವನಿಗೆ ಹೊಸದು. ಬೆಳಿಗ್ಗೆ ಸೂರ್ಯ ಹುಟ್ಟುವಾಗ ಕಿಪ್ರುಟೊ ಮೂಡಲಿಗೆ ಮುಖ ಮಾಡಿ ನಿಂತು, ಸೂರ್ಯನ ಕಡೆಗೆ ತುಪ್ಪನೆ ಉಗುಳಿ, ಏನೋ ಗೊಣಗುತ್ತಿದ್ದ. ಕೋದಂಡಪ್ಪ ಕೆನ್ನೆ ಬಡಿದುಕೊಂಡು “ಸೂರ್ಯದೇವ್ರಿಗೇ ಉಗೀತಾನಲ್ಲೋ ಮುಂಡೇಗಂಡ” ಅಂದ. ತಾತ ಬರುತ್ತಿದ್ದುದು ಬಿಸಿಲೇರಿದ ಮೇಲೆ. ಅವನನ್ನು ಕೇಳಿದ್ದರೆ ಹೇಳುತ್ತಿದ್ದ. ಕದಿರಪ್ಪ ಕೇಳಲಿಲ್ಲ.

ಹಳಿ ಸರಿಹೋಯಿತು, ನಾಳೆ ರೈಲು ಹೊರಡುತ್ತದೆ ಅಂತ ಸುದ್ದಿ ಬಂತು. ತಾತ ಮೊಮ್ಮಗಳನ್ನೂ ಮರಿಮಗಳನ್ನೂ ಕಿಪ್ರುಟೊಗೆ ತೋರಿಸಬೇಕೆಂದು ತೋಪಿಗೆ ಕರೆದುಕೊಂಡು ಬಂದ. ಮಗು ರತ್ನಿಗೆ ಆಗಷ್ಟೇ ವರ್ಷ ತುಂಬುತ್ತಿತ್ತು. ಯಾವಾಗ ಹುಟ್ಟಿತು ಎಂದು ಕಿಪ್ರುಟೊ ಕೇಳಿಸಿದ. ಜೋರು ಮಳೆಯಲ್ಲಿ, ಗುಡಿಸಲು ಸೋರುತ್ತಿರುವಾಗ ಎಂದು ಮಂಗಮ್ಮ ಹೇಳಿದಳು. ಸಿಪಾಯಿ ತಲೆ ಹಿಂದಕ್ಕೆ ಹಾಕಿ ನಕ್ಕ.

“ಚೆರೊಪ್,” ಅಂದ. ಮಳೆಯಲ್ಲಿ ಹುಟ್ಟಿದವಳು. ಮಂಗಮ್ಮನೂ ನಕ್ಕಳು. ತಾತನಿಗೆ ಏನೋ ಹೊಳೆಯಿತು. ಮನೆಯ ಅಟ್ಟದಲ್ಲಿ ಒಣಗಿದ ಸೋರೆಬುರುಡೆ ಇದೆ, ಇವನಿಗೆ ಕೊಡೋಣ, ಊರಿಗೆ ಒಯ್ಯಲಿ ಎಂದುಕೊಂಡು ತರಲು ಹೋದ.

ತಾತ ಅತ್ತ ಹೋದ. ಕದಿರಪ್ಪ ತುಂಬಿದ ತಗಡಿನ ಬಕೆಟ್ಟು ಹಿಡಿದು ಇತ್ತ ಬಂದ. ಕಿಪ್ರುಟೊ ಮಂಗಮ್ಮನ ಕೈಯಿಂದ ಮಗುವನ್ನು ಎತ್ತಿಕೊಂಡಿದ್ದ. ಮಗುವಿನ ಮುಖವನ್ನು ತನ್ನ ಮುಖದ ಹತ್ತಿರ ತಂದ. ಹಣೆಯ ಮೇಲೆ ಉಗಿದ. ಆಮೇಲೆ ಎದೆಯ ಮೇಲೂ ಉಗಿದ.

ಜಗುಲಿಯ ಮೇಲೆ ಗೊಳ್ಳೆಂದು ನಗು ಎದ್ದಿತು.

“ನೋಡ್ಲಾ ಕದಿರಾ,” ಕೂಗಿದ ಕೋದಂಡಪ್ಪ. “ನಿನ್ ಮಗಳ ಮೊಕದ ಮ್ಯಾಲೆ ಉಗೀತಾವ್ನೆ. ಥೂ, ನೀನೂ ಒಬ್ಬ ಗಂಡ್ಸಾ?”

ಕದಿರಪ್ಪನ ಕಣ್ಣಿಗೆ ಕತ್ತಲೆ ಕವಿಯಿತು. ಅವನ ಮೇಲೆ ಬಿದ್ದ ಉಗುಳಿಗೆ ಲೆಕ್ಕವಿರಲಿಲ್ಲ. ಪಾದದ ಮೇಲೆ, ಬೆನ್ನ ಮೇಲೆ, ಉಣ್ಣಲು ಕೊಟ್ಟ ಎಲೆಯ ಅಂಚಿಗೆ. ಒಂದಕ್ಕೂ ಅವನ ಕೈ ಮೇಲೆದ್ದಿರಲಿಲ್ಲ. ಈಗ ಎದ್ದಿತು. ಹೊಡೆದರೆ ತನಗೆ ಏನೂ ಆಗುವುದಿಲ್ಲ ಎಂದು ಆ ಕೈಗೆ ಗೊತ್ತಿತ್ತು, ಅದಕ್ಕೇ ಎದ್ದಿತು. ನೀರಿನ ಸಮೇತ ಬಕೆಟ್ಟನ್ನು ಬೀಸಿ ಸಿಪಾಯಿಯ ಬಾಯಿಗೆ ಹೊಡೆದ.

ಹಲ್ಲು ಮುರಿದ ಸದ್ದು ಮಂಗಮ್ಮನಿಗೂ ಕೇಳಿಸಿತು. ತುಟಿ ಹರಿದು ರಕ್ತ ಸುರಿಯಿತು. ಕಿಪ್ರುಟೊ ತಿರುಗಿ ಹೊಡೆಯಲಿಲ್ಲ. ಹೊಡೆಯಲು ಕೈ ಬಿಡುವಿರಲಿಲ್ಲ, ಮಗು ಇತ್ತು. ಮಂಡಿಯೂರಿ ಮಗುವನ್ನು ಮೆಲ್ಲಗೆ ಹುಲ್ಲಿನ ಮೇಲೆ ಕೂರಿಸಿದ. ಆಮೇಲೆ ಎದ್ದು ನಿಂತು ಕದಿರಪ್ಪನನ್ನು ನೋಡಿದ. ಆ ನೋಟದಲ್ಲಿ ಸಿಟ್ಟು ಇದ್ದಿದ್ದರೆ ಕದಿರಪ್ಪನಿಗೆ ಎಷ್ಟೋ ವಾಸಿಯಾಗುತ್ತಿತ್ತು. ಇದ್ದದ್ದು ಬರೀ ಪ್ರಶ್ನೆ.

ಬಿಳಿ ದೊರೆ ಬಂದ. ಕೋದಂಡಪ್ಪ ಜಗುಲಿಯಿಂದ ಇಳಿದು, ಕೈ ಮುಗಿದು, ಬಂದಷ್ಟು ಇಂಗ್ಲಿಷಿನಲ್ಲಿ ವರದಿ ಒಪ್ಪಿಸಿದ. ಈ ಸಿಪಾಯಿ ಹೆಂಗಸಿನ ಕೈಯಿಂದ ಮಗುವನ್ನು ಕಿತ್ತುಕೊಂಡ, ಮುಖದ ಮೇಲೆ ಉಗಿದ. ದೊರೆ ಕದಿರಪ್ಪನ ಕಡೆ ನೋಡಿದ.

“ಹೌದಾ ಅಂತ ಕೇಳ್ತಾವ್ರೆ,” ಅಂದ ಕೋದಂಡಪ್ಪ.

“ನಾನೇ ಕೊಟ್ಟಿದ್ದು, ಅವ್ನು ಕಿತ್ಕಣ್ಲಿಲ್ಲ,” ಅಂದಳು ಮಂಗಮ್ಮ. ಅವಳನ್ನು ಯಾರೂ ಕೇಳಿರಲಿಲ್ಲ.

ಕದಿರಪ್ಪ ಹೌದೆಂದು ತಲೆಯಾಡಿಸಿದ. ಸಿಪಾಯಿಗೆ ಸಂಜೆ ಎಲ್ಲರೆದುರಿಗೆ ಬೆತ್ತದ ಏಟು ಎಂದು ತೀರ್ಪಾಯಿತು. ಆಫ್ರಿಕಾದವರನ್ನು ಬೆತ್ತದಿಂದ ಹೊಡೆಯುವುದು ಆ ದಂಡಿನಲ್ಲಿ ಕಾನೂನೇ ಆಗಿತ್ತು.

ತಾತ ಸೋರೆಬುರುಡೆ ಹಿಡಿದುಕೊಂಡು ಬಂದಾಗ ಕಿಪ್ರುಟೊನನ್ನು ಡೇರೆಯ ಗೂಟಕ್ಕೆ ಕಟ್ಟಿದ್ದರು. ಮಂಗಮ್ಮ ಅಳುತ್ತ ನಡೆದದ್ದನ್ನು ಹೇಳಿದಳು. ಮುದುಕ ನೆಲಕ್ಕೆ ಕುಸಿದು ಕೂತ.

“ಅಯ್ಯೋ ಪಾಪಿ,” ಅಂದ. “ಅವ್ರು ಅರ್ಸೋದೇ ಅಂಗೆ ಕಣ್ಲಾ. ಉಗ್ಳೋದು ಅಂದ್ರೆ ಒಳ್ಳೇದಾಗ್ಲಿ ಅಂತ. ಕೆಟ್ಟ ಕಣ್ಣು ಬೀಳದೆ ಇರ್ಲಿ ಅಂತ. ಸೂರ್ಯಂಗೂ ಅಂಗೇ ಉಗ್ದು ಬೇಡ್ಕಂತಾರೆ. ನಾನ್ ಅಲ್ಲಿಂದ ವಾಪಸ್ ಒಂಟಾಗ ಒಬ್ಬ ಮುದ್ಕ ನನ್ನೆರಡೂ ಕೈಗೆ ಉಗ್ದು ಕಳ್ಸಿದ್ದ. ನಾನ್ ಅಡಗಿನಾಗೆ ಅತ್ತಿದ್ದೆ ಅದುನ್ನ ನೆನುಸ್ಕಂಡು. ನಮ್ ಕೂಸ್ನ ತನ್ ಕೂಸು ಅಂತ ಅರ್ಸವ್ನೆ ಕಣ್ಲಾ, ನೀನು ಬಾಯೇ ಒಡ್ದಾಕಿದ್ಯಾ.”

ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು ಕದಿರಪ್ಪನಿಗೆ. ಇಷ್ಟು ಕಾಲ ಊರಿನವರು ಉಗಿದಾಗ ಕಾಲು ಒರೆಸಿಕೊಂಡಿದ್ದ. ತನ್ನ ಕೇರಿಯ ಕೂಸನ್ನು ಎತ್ತಿ ಎದೆಗೆ ಹಿಡಿದ ಹೊರಗಿನವನು ಇವನೊಬ್ಬನೇ. ಹೊಡೆಯಲು ಇವನೇ ಸಿಕ್ಕಿದ್ದ.

ತಾತ ಅವನ ರಟ್ಟೆ ಹಿಡಿದು ದೊರೆಯ ಡೇರೆಗೆ ಎಳೆದುಕೊಂಡು ಹೋದ. ದೊರೆಗೆ ಆಫ್ರಿಕಾದ ಭಾಷೆ ಬರುತ್ತಿತ್ತು. ತಾತ ತನ್ನ ಹಳೆಯ, ಸವೆದುಹೋದ ಮಾತುಗಳನ್ನು ಕೂಡಿಸಿ ಕೂಡಿಸಿ ಹೇಳಿದ. ದೊರೆ ಚಹಾ ಕುಡಿಯುತ್ತ ಕೇಳಿದ. ಕೊನೆಗೆ ಒಂದು ಮಾತು ಅಂದ. ತಾತನ ಮುಖ ಬಿಳಿಚಿಕೊಂಡಿತು.

“ಏನಂದ್ರು?”

“ಅವ್ನು ಅರ್ಸಿದ್ದೇ ನಿಜ ಆದ್ರೆ, ನೀನು ಸುಮ್‌ಸುಮ್ನೆ ಸರ್ಕಾರದ ಸಿಪಾಯಿನ ಒಡ್ದಂಗಾಯ್ತಂತೆ. ನಿನ್ನ ಜೈಲಿಗಾಕ್ತಾರಂತೆ. ಮೊದ್ಲು ಯೋಳಿದ್ದೇ ನಿಜ ಅಂದ್ರೆ ನೀನು ಮನೀಗೋಗ್ಬೋದಂತೆ. ಯಾವ್ದು ನಿಜ ಅಂತ ನೀನೇ ಯೋಳ್ಬೇಕಂತೆ.”

ಗೂಟಕ್ಕೆ ಕಟ್ಟಿಸಿಕೊಂಡಿದ್ದ ಕಿಪ್ರುಟೊ ತಲೆ ಎತ್ತಿದ. ಹರಿದ ತುಟಿಯಿಂದಲೇ “ಕಲೆಂಜಿನ್” ಅಂದ. ನಾನು ಹೇಳುತ್ತೇನೆ ಕೇಳಿ. ಸಾರ್ಜೆಂಟ್ ಅವನ ಬಾಯಿಯ ಮೇಲೆ ಕೈ ಇಟ್ಟು ಅದುಮಿದ. ಅವನ ಮಾತು ಅಷ್ಟಕ್ಕೇ ನಿಂತಿತು. ಇನ್ನು ಹೇಳಬೇಕಾದವನು ಕದಿರಪ್ಪ.

ಗಣಿಯ ಬಾಗಿಲಲ್ಲಿ ಬಾಯಿ ತೆರೆ ಅಂದಾಗಲೆಲ್ಲ ತೆರೆದ ಬಾಯಿ ಅದು. ಈಗ ತೆರೆಯಲಿಲ್ಲ. ಜೈಲು ಕಣ್ಣ ಮುಂದೆ ಬಂತು. ಹೊಂಗೆ ಮರದ ಕೆಳಗೆ ಒಬ್ಬಳೇ ಕೂತ ಮಂಗಮ್ಮ ಬಂದಳು. ತೋಳಿನ ಕೆಂಪು ಪಟ್ಟಿ ಇನ್ನೂ ಬಿಗಿಯಾಗಿತ್ತು.

“ನಂಗೇನೂ ಗೊತ್ತಿಲ್ಲ ಬುದ್ದಿ,” ಅಂದ.

ತಾತ ಅವನ ರಟ್ಟೆ ಬಿಟ್ಟ. ಸುಡುವ ಪಾತ್ರೆಯಿಂದ ಕೈ ತೆಗೆದಂತೆ ಬಿಟ್ಟ.

ಸಂಜೆ ಏಟು ಬಿದ್ದವು. ತೋಪಿನಲ್ಲಿ ಬೆಂಚು ಹಾಕಿ, ಬೋರಲು ಮಲಗಿಸಿ, ಅವನ ಜೊತೆಯವರ ಕೈಯಿಂದಲೇ ಹೊಡೆಸಿದರು. ಕದಿರಪ್ಪ ಬಾವಿಕಟ್ಟೆಯ ಹಿಂದೆ ಮುದುರಿ ಕೂತು ಕಿವಿ ಮುಚ್ಚಿಕೊಂಡ. ಕೈಯ ಸಂದಿಯಿಂದಲೂ ಕೇಳಿಸಿತು. ಆಮೇಲೆ ಸಾರ್ಜೆಂಟ್ ನೀರಿಗೆ ಕೂಗಿದ. ನೀರಿನವನು ಕದಿರಪ್ಪನೇ ಅಲ್ಲವೆ? ಬಕೆಟ್ಟು ಹೊತ್ತು ಹೋದ. ಅದೇ ಬಕೆಟ್ಟು, ಬಾಯಂಚು ಸೊಟ್ಟಗಾಗಿತ್ತು. ಬಾಸುಂಡೆ ಎದ್ದ ಬೆನ್ನಿನ ಮೇಲೆ ನೀರು ಹೊಯ್ದ. ಬೆನ್ನು ನಡುಗಿತು. ಮುಖ ನೋಡುವ ಧೈರ್ಯ ಅವನಿಗಿರಲಿಲ್ಲ. ಮನೆಗೆ ಹೋದಾಗ ಮಂಗಮ್ಮ ತಟ್ಟೆಯಲ್ಲಿ ಮುದ್ದೆ ಇಟ್ಟು ಗೋಡೆಯ ಕಡೆ ತಿರುಗಿ ಕೂತಳು. ಮಗುವಿನ ಹಣೆಯನ್ನು ಅವಳು ಒರೆಸಿರಲಿಲ್ಲ.

ಬೆಳಿಗ್ಗೆ ಛತ್ರದಲ್ಲಿ ಮಂತ್ರ ಕೇಳಿಸಿತು. ಕೋದಂಡಪ್ಪ ಕರೆಸಿದ್ದ ಐನೋರು ಬಾವಿಗೆ ಗಂಜಳ, ಅರಿಸಿನದ ನೀರು ಚಿಮುಕಿಸಿ, ಕಟ್ಟೆಗೆ ಮಾವಿನ ಎಲೆ ಕಟ್ಟಿಸಿ, ಹೊಸ ಹಗ್ಗ ಹಾಕಿಸಿದರು. ಸೂರ್ಯ ಮೇಲೇರುವ ಹೊತ್ತಿಗೆ ಬಾವಿ ಶುದ್ಧವಾಯಿತು. ಕದಿರಪ್ಪ ಮುಟ್ಟಿದ್ದು ಅಳಿಸಿಹೋಯಿತು.

“ಪಟ್ಟಿ ಬಿಚ್ಚಿ ಅಲ್ಲಿಡ್ಲಾ. ನಿನ್ ಕೆಲ್ಸ ಮುಗೀತು,” ಅಂದ ಕೋದಂಡಪ್ಪ.

ಕದಿರಪ್ಪ ಬಿಚ್ಚಿದ. ಇಡಲಿಲ್ಲ. ಮೋರಿಗೆ ಎಸೆದ. ಕೋದಂಡಪ್ಪ ಏನೋ ಅಂದ, ಅದು ಇವನಿಗೆ ಕೇಳಿಸಲಿಲ್ಲ. ಕೇರಿಗೆ ಓಡಿ ಹೋಗಿ ಮಗುವನ್ನು ಎತ್ತಿಕೊಂಡ. ಮಂಗಮ್ಮ ಎಲ್ಲಿಗೆ ಎಂದು ಕೇಳಿದಳು. ಬಾ, ಅಂದ. ತಾತನ ಮುಂದೆ ಹೋಗಿ ನಿಂತ. ಕಾಲಿಗೆ ಬೀಳಲು ಬಗ್ಗಿದ. ತಾತ ಕಾಲು ಹಿಂದಕ್ಕೆ ಎಳೆದುಕೊಂಡ.

“ನನ್ ಕಾಲಿಗೇನ್ ಬೀಳ್ತೀಯ? ಬೀಳ್ಬೇಕಾದೋನು ರೈಲ್ನಾಗವ್ನೆ.” ಅಷ್ಟಂದರೂ ಮುದುಕ ಸೋರೆಬುರುಡೆ ಕೈಗೆತ್ತಿಕೊಂಡು ಜೊತೆಗೆ ಬಂದ.

ಸಿಪಾಯಿಗಳೆಲ್ಲ ರೈಲು ಹತ್ತಿದ್ದರು. ಏಟು ತಿಂದವನನ್ನು ಕೊನೆಯ ಡಬ್ಬಿಗೆ ಹಾಕಿದ್ದರು. ಕೂರಲಾಗದೆ ಬಾಗಿಲ ಕಂಬಿ ಹಿಡಿದು ನಿಂತಿದ್ದ. ತುಟಿ ಊದಿ ಮೂಗಿನವರೆಗೆ ಬಂದಿತ್ತು. ಕದಿರಪ್ಪ ಕೆಳಗೆ ನಿಂತು ಮಗುವನ್ನು ಎರಡೂ ಕೈಯಲ್ಲಿ ಮೇಲಕ್ಕೆ ಹಿಡಿದ. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಇರಲಿಲ್ಲ.

“ತೆಪ್ಪಾಯ್ತು ಅಂತ ಯೋಳು ತಾತ. ಇನ್ನೊಂದ್ ಸಲ ಉಗ್ಳು ಅಂತ ಯೋಳು.”

ತಾತ ಹೇಳಿದ. ಕಿಪ್ರುಟೊ ಮಗುವನ್ನು ನೋಡಿದ. ಬಗ್ಗಿದ. ಹರಿದ ತುಟಿಗಳನ್ನು ಕೂಡಿಸಲು ನೋಡಿದ. ಏನೂ ಬರಲಿಲ್ಲ. ತಾತನಿಗೆ ಏನೋ ಅಂದ.

“ಉಗ್ಳೋಕೆ ಬಾಯಾಗೆ ನೀರೇ ಇಲ್ಲ ಅಂತಾವ್ನೆ. ನೆನ್ನೆಯಿಂದ ಯಾರೂ ಒಂದ್ ತೊಟ್ಟು ಕೊಟ್ಟಿಲ್ವಂತೆ.”

ಕದಿರಪ್ಪ ಮಗುವನ್ನು ಮಂಗಮ್ಮನಿಗೆ ಕೊಟ್ಟ. ತಾತನ ಕೈಯಿಂದ ಸೋರೆಬುರುಡೆ ಕಿತ್ತುಕೊಂಡ. ಓಡಿದ.

ಛತ್ರದ ಮುಂದೆ ಜನವಿತ್ತು. ಜಗುಲಿಯ ಮೇಲೆ ಐನೋರಿಗೆ ಊಟಕ್ಕೆ ಎಲೆ ಹಾಕಿದ್ದರು. ಕದಿರಪ್ಪ ಹೊಂಗೆ ಮರ ದಾಟಿದ. ಕಟ್ಟೆ ಹತ್ತಿದ. ತೋಳು ಬರಿದಾಗಿತ್ತು. ಅದನ್ನು ಎಲ್ಲರೂ ನೋಡಿದರು. ಹೊಸ ಹಗ್ಗ ಹಿಡಿದು ಕೊಡ ಇಳಿಬಿಟ್ಟ. ಕೋದಂಡಪ್ಪ “ಲೇ, ಲೇ, ಲೇ” ಎಂದು ಕೂಗುತ್ತ ಎದ್ದ. ಕೂಗಿದ, ಆದರೆ ಹತ್ತಿರ ಬರಲಿಲ್ಲ. ಹತ್ತಿರ ಬಂದರೆ ಮೈಲಿಗೆ. ಕದಿರಪ್ಪ ಸೇದಿದ. ಛತ್ರದ ಕೊಡದಿಂದ ಕೇರಿಯ ಬುರುಡೆಗೆ ನೀರು ಬಗ್ಗಿಸಿದ. ಅರ್ಧ ಕಟ್ಟೆಯ ಮೇಲೆ ಚೆಲ್ಲಿತು. ಮತ್ತೆ ಓಡಿದ.

ಎಂಜಿನ್ನು ಕೂಗಿತು. ಕಿಪ್ರುಟೊ ಬುರುಡೆಯನ್ನು ಎರಡೂ ಕೈಯಲ್ಲಿ ಹಿಡಿದ. ಒಂದು ಕ್ಷಣ ಅದರ ಹೊಟ್ಟೆಯನ್ನು ಸವರಿದ. ಆಮೇಲೆ ಕುಡಿದ. ಕುಡಿಯುವಾಗ ನೋವಿಗೆ ಕಣ್ಣು ಮುಚ್ಚಿಕೊಂಡ. ಡಬ್ಬಿ ಅಲುಗಿತು. ಮಂಗಮ್ಮ ಮಗುವನ್ನು ಎತ್ತಿ ಹಿಡಿದು ಜೊತೆಯಲ್ಲೇ ನಡೆದಳು. ಅವನು ಬಗ್ಗಿ ಮಗುವಿನ ಹಣೆಯ ಮೇಲೆ ಉಗಿದ. ನೀರಿನ ಜೊತೆ ಒಂದಿಷ್ಟು ಕೆಂಪೂ ಬಂತು.

“ಚೆರೊಪ್,” ಅಂದ.

ಕದಿರಪ್ಪ ಕೂಡ ತಲೆ ಬಗ್ಗಿಸಿಕೊಂಡು ಡಬ್ಬಿಯ ಪಕ್ಕದಲ್ಲಿ ಓಡಿದ. ಒಂದು ಹನಿ ತನ್ನ ನೆತ್ತಿಯ ಮೇಲೂ ಬೀಳಲಿ ಎಂದು ಓಡಿದ. ಬೀಳಲಿಲ್ಲ. ಕಿಪ್ರುಟೊ ಬುರುಡೆಯನ್ನು ಎದೆಗೊತ್ತಿಕೊಂಡು ಒಳಗೆ ತಿರುಗಿದ. ರೈಲು ಹೋಯಿತು. ಕದಿರಪ್ಪ ಹಳಿಯ ಪಕ್ಕದ ಜಲ್ಲಿಯ ಮೇಲೆ ನಿಂತು ನಾಚಿಕೆಯಿಂದ ಬೆಂದುಹೋದ. ಕೊಡದೆ ಹೋದದ್ದೇ ಸರಿ ಅನ್ನಿಸಿತು ಅವನಿಗೆ. ಅದನ್ನು ಕೇಳುವ ಯೋಗ್ಯತೆ ಅವನಿಗೆ ಇರಲಿಲ್ಲ.

ಹಿಂದಿರುಗಿ ಬಂದಾಗ ಬಾವಿಯ ಸುತ್ತ ಊರೇ ನೆರೆದಿತ್ತು. ಐನೋರು ಎಲೆ ಬಿಟ್ಟು ಎದ್ದಿದ್ದರು. ಹೊಂಗೆ ಮರದ ಕೆಳಗೆ ಕೇರಿಯ ಹೆಂಗಸರು ಮಡಕೆ ತಬ್ಬಿಕೊಂಡು ನಿಂತಿದ್ದರು. ಕದಿರಪ್ಪ ಜನರ ನಡುವೆಯೇ ನಡೆದ. ಮೈಲಿಗೆಗೆ ಹೆದರಿ ಅವರೇ ದಾರಿ ಬಿಟ್ಟರು. ಮಂಗಮ್ಮ ಹಿಂದೆಯೇ ಬಂದಳು. ಅವನು ಕಟ್ಟೆ ಹತ್ತಿದ.

ಕೋದಂಡಪ್ಪ ಜಗುಲಿಯ ಅಂಚಿಗೆ ಬಂದ. ಬೈಗುಳ ಬಾಯಿಗೆ ಬರಲಿಲ್ಲ. ಬಂದದ್ದು ಎಂದಿನದೇ. ಕ್ಯಾಕರಿಸಿ ಉಗಿದ. ಅದು ಕದಿರಪ್ಪನ ಕೆನ್ನೆಗೆ ಬಿತ್ತು.

ಕದಿರಪ್ಪ ಒರೆಸಿಕೊಳ್ಳಲಿಲ್ಲ. ಬಲಗೈ ತಾನಾಗಿ ಮೇಲೆದ್ದಿತು. ಅದನ್ನು ಅವನು ನೋಡಿದ. ನಿನ್ನೆ ಬಕೆಟ್ಟು ಬೀಸಿದ ಕೈ ಅದೇ. ಅದನ್ನು ಇಳಿಸಿ ಹಗ್ಗದ ಮೇಲೆ ಇಟ್ಟ.

“ಉಗುಳು ನಂಗೆ ಬೀಳ್ಬೇಕಾದ್ದೇ ಕೋದಂಡಪ್ಪ,” ಅಂದ. “ಆದ್ರೆ ನಿನ್ ಬಾಯಿಂದಲ್ಲ.”

ಬುದ್ದಿ ಅನ್ನಲಿಲ್ಲ. ನೀನು ಅಂದ. ಕದಿರಪ್ಪ ಹೆಂಡತಿಯ ಕಡೆ ತಿರುಗಿದ. ಅವಳ ಕಣ್ಣನ್ನು ನೋಡಲಾಗಲಿಲ್ಲ. ಹಗ್ಗದ ತುದಿಯನ್ನು ಅವಳ ಮುಂದೆ ಹಿಡಿದ.

“ನಂಗೆ ಪಟ್ಟಿ ಇಲ್ವಲ್ಲ?” ಕೇಳಿದಳು ಮಂಗಮ್ಮ.

“ಅದುನ್ನ ಮೋರಿಗಾಕ್ದೆ.”

ಮಂಗಮ್ಮ ಮಗುವನ್ನು ಅವನ ಕೈಗೆ ಕೊಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಹುಟ್ಟಿದಾಗಿನಿಂದ ದೂರದಿಂದ ನೋಡಿದ್ದ ಬಾವಿಯೊಳಗೆ ಮೊದಲ ಸಲ ಬಗ್ಗಿ ನೋಡಿದಳು. ಕೊಡ ಇಳಿಬಿಟ್ಟಳು.

ಹೊಂಗೆ ಮರದ ಕೆಳಗಿನಿಂದ ಒಬ್ಬಳು ಮಡಕೆ ಎತ್ತಿಕೊಂಡು ಹೊರಟಳು. ಅವಳ ಹಿಂದೆ ಇನ್ನೊಬ್ಬಳು.